ಐದು ದಿನ ಹಳೆಯ ನೀರು

ಪಾಳ್ಯ, ಕುದೂರು ಹೋಬಳಿ
17 ಅಕ್ಟೋಬರ್ 2024

ರಾಧಾಮಣಿಗೆ,

ಅಲ್ಲಾಹು ಅಭಾ. ಮೊನ್ನೆ ನಮ್ಮ ಬಹಾಯಿಗಳ ಹತ್ತೊಂಬತ್ತು ದಿನಕ್ಕೊಮ್ಮೆಯ ಕೂಟ ಮುಗಿಯುತ್ತಲೇ ನೀನು ಬಸ್ಸಿಗೆ ಓಡಿದೆ. ಆಮೇಲೆ ನಡೆದದ್ದನ್ನು ತಿಳಿಸೋಣವೆಂದು ಬರೆಯುತ್ತಿದ್ದೇನೆ. ಫೋನಿನಲ್ಲಿ ನನಗೆ ಈಗ ಗುಂಯ್ ಎನ್ನುವ ಸದ್ದು ಬಿಟ್ಟರೆ ಏನೂ ಕೇಳುವುದಿಲ್ಲ. ಎದುರಿಗಿದ್ದವರ ಮಾತನ್ನು ತುಟಿ ನೋಡಿ ಹಿಡಿಯುತ್ತೇನೆ, ಅಷ್ಟೇ.

ಆಡಳಿತ ಸಭೆಯ ಒಂಬತ್ತು ಜನವೂ ಕೂತೆವು. ಭವನದ ಅಂಗಳದ ಬೋರ್‌ವೆಲ್ಲನ್ನು ಇಡೀ ಬೀದಿಗೆ ಬಿಡಬಹುದೇ ಎಂಬುದು ವಿಷಯ. ಪಂಚಾಯಿತಿ ನಲ್ಲಿಯಲ್ಲಿ ನೀರು ಬಂದು ಹದಿನೆಂಟು ದಿನವಾಗಿತ್ತು. ನೀನು ನೀರು ಪರೀಕ್ಷೆ ಮಾಡಿ ಓದಿದ ವರದಿಯನ್ನು ಮಧ್ಯದಲ್ಲಿಟ್ಟುಕೊಂಡಿದ್ದೆವು. ಅಂಕಮ್ಮ ಮಾತ್ರ ಬೇಡ ಎಂದಳು. "ಮೇಷ್ಟ್ರೇ, ಮೇಲ್ಗಡೆ ತಿಪ್ಪೆ ಐತೆ. ಊರ ರೇಸ್ಮೆ ಹುಳಿನ ಹಿಕ್ಕೆ ಎಲ್ಲಾ ಅಲ್ಲೇ ಸುರಿಯೋದು. ಈ ಸಲದ ಮಳೆ ನೀರು ಅಲ್ಲಿಂದ ಇಳ್ಕಂಡು ಎತ್ಲಾಗೋಯ್ತು, ಆಕಾಸಕ್ಕಾ?" ಎಲ್ಲರೂ ನಕ್ಕರು. ಅವಳೂ ನಕ್ಕಳು. ಕೊನೆಗೆ ನೀರು ಬಿಡುವುದೆಂದೇ ತೀರ್ಮಾನವಾಯಿತು.

ನಮ್ಮ ಕ್ರಮ ನಿನಗೆ ಗೊತ್ತು. ಒಳಗೆ ಯಾರು ಏನು ಬೇಕಾದರೂ ಹೇಳಬಹುದು. ಹೊರಗೆ ಬಂದ ಮೇಲೆ ಅದು ಎಲ್ಲರ ತೀರ್ಮಾನ. ಒಪ್ಪದವರೂ ಜೊತೆಗೇ ನಡೆಯಬೇಕು. ಹಾಗೆ ನಡೆದರೆ ತಪ್ಪಿದ್ದರೂ ಬೇಗ ಬಯಲಾಗುತ್ತದೆ ಎಂದು ನಂಬಿರುವವರು ನಾವು. ಮರುದಿನ ಬೆಳಿಗ್ಗೆ ಬೋರ್‌ವೆಲ್ ಮುಂದೆ ಮೊದಲ ಕೊಡ ಇಟ್ಟವಳು ಅಂಕಮ್ಮನೇ. ಬೇಕೆಂದೇ, ಎಲ್ಲರಿಗೂ ಕಾಣುವ ಹಾಗೆ.

ಒಂದು ಮಾತು. ಒಂಬತ್ತನೇ ತಾರೀಕು ನಾನು ಪರೀಕ್ಷೆಗೆಂದು ಕೊಟ್ಟು ಕಳಿಸಿದ ನೀರಿನ ಬಾಟಲಿ ಆಯುಧಪೂಜೆ ರಜೆಯಿಂದಾಗಿ ರಾಮನಗರ ಬಸ್ ನಿಲ್ದಾಣದಲ್ಲಿ ಪೀರ್ ಸಾಬ್ ಬಾಳೆಹಣ್ಣಿನಂಗಡಿಯಲ್ಲೇ ಇತ್ತಂತೆ. ಅದರಿಂದ ಏನಾದರೂ ವ್ಯತ್ಯಾಸವಾಗುತ್ತದೆಯೇ? ತಿಳಿಯದೆ ಕೇಳುತ್ತಿದ್ದೇನೆ.

ಇತಿ,
ಕರಿಯಪ್ಪ

*

ಕನಕಪುರ
22 ಅಕ್ಟೋಬರ್ 2024

ಪೂಜ್ಯ ಮೇಷ್ಟ್ರಿಗೆ,

ಅಲ್ಲಾಹು ಅಭಾ. ನಿಮ್ಮ ಕಾಗದ ಓದಿ ಮನಸ್ಸು ತುಂಬಿತು. ಇಲ್ಲಿ ಎರಡು ದಿನದಿಂದ ಬಿಡದೆ ಮಳೆ. ಕೆಲಸ ಮುಗಿಸಿ ಬಂದರೆ ಒಂದು ಕವಿತೆಯನ್ನಾದರೂ ಓದದೆ ಒಲೆ ಹಚ್ಚಲು ಮನಸ್ಸಾಗುವುದಿಲ್ಲ. ಆದರೆ ಈ ವಾರ ಓದಿದ್ದು ಯಾವುದೂ ತಲೆಗೆ ಹತ್ತಲಿಲ್ಲ. ಕೂಟದ ದಿನವೇ ಕಣ್ಣ ಮುಂದೆ ಬರುತ್ತಿತ್ತು.

ಅಂಕಮ್ಮನವರ ಅನುಮಾನ ಸಹಜವೇ. ಆದರೆ ಕಣ್ಣಿಗೆ ತೋರಿದ್ದು ನಿಜವೋ ಅಲ್ಲವೋ ಎಂದು ನೋಡುವುದಕ್ಕೇ ಪ್ರಯೋಗಾಲಯ ಇರುವುದು. ತಿಪ್ಪೆ, ಗೊಬ್ಬರಗಳಿಂದ ನೀರಿಗಿಳಿಯುವುದು ನೈಟ್ರೇಟ್ ಎಂಬ ಲವಣ. ಅದು ಲೀಟರಿಗೆ ನಲವತ್ತೈದು ಮಿಲಿಗ್ರಾಂ ದಾಟಬಾರದು. ನಿಮ್ಮ ನೀರಿನಲ್ಲಿದ್ದದ್ದು ಮೂವತ್ತೊಂದು. ಕ್ರಿಮಿಗಳೂ ಇರಲಿಲ್ಲ. ಅಷ್ಟಾಗಿಯೂ ಯಾರಿಗಾದರೂ ಮನಸ್ಸು ತಡೆಯದಿದ್ದರೆ ಚೆನ್ನಾಗಿ ಕುದಿಸಿ ಕುಡಿಯಲಿ.

ಏಳನೇ ವಯಸ್ಸಿನಲ್ಲಿ ನಿಮ್ಮ ಭಾನುವಾರದ ಪಾಠಕ್ಕೆ ಬಂದವಳು ನಾನು. ಧರ್ಮ ವಿಜ್ಞಾನದ ಕೈ ಬಿಟ್ಟರೆ ಮೂಢನಂಬಿಕೆಯಾಗುತ್ತದೆ ಎಂದು ಕಲಿಸಿದಿರಿ. ಆ ಮಾತಿಗಾಗಿಯೇ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ ಮಾಡಿದೆ ಎಂದರೆ ನೀವು ನಗಬಹುದು. ಮೊನ್ನೆ ವರದಿ ಓದುವಾಗ ಆ ಮಾತಿನ ಋಣ ತೀರಿಸುತ್ತಿದ್ದೇನೆ ಅನಿಸಿತು. ಅಧ್ಯಕ್ಷರಾದ ನೀವು ಯಾವತ್ತಿನಂತೆ ಕೊನೆಯವರೆಗೂ ಸುಮ್ಮನಿದ್ದು, ಒಂದು ಪ್ರಶ್ನೆಯನ್ನೂ ಕೇಳದೆ ತಲೆಯಾಡಿಸಿದಿರಿ. ನಿಮ್ಮ ಒಪ್ಪಿಗೆಗಿಂತ ದೊಡ್ಡದು ನನಗೆ ಯಾವುದಿದೆ?

ನಿಮ್ಮ
ರಾಧಾಮಣಿ

*

ಪಾಳ್ಯ
26 ಅಕ್ಟೋಬರ್ 2024

ರಾಧಾಮಣಿಗೆ,

ಅಲ್ಲಾಹು ಅಭಾ. ನಿನ್ನ ಕಾಗದ ಬಂದ ದಿನವೇ ಬೀದಿಯಲ್ಲಿ ಓದಿ ಹೇಳಿದೆ. ಈಗ ನಮ್ಮ ಬೋರ್‌ವೆಲ್‌ನಿಂದ ನಲವತ್ತು ಮನೆಗೆ ನೀರು ಹೋಗುತ್ತಿದೆ. ಬೋರಲಿಂಗಯ್ಯನ ಮನೆಯವರೂ ಬರುತ್ತಾರೆ. ಅವನ ಬಾಯಿ ನಿನಗೆ ಗೊತ್ತಲ್ಲ! "ಪೂಜಾರಿ ಇಲ್ದಿರೋ ಧರ್ಮ, ತೀರ್ಥ ಮಾತ್ರ ಚೆಂದಾಗೈತೆ ಮೇಷ್ಟ್ರೇ" ಎಂದ. ಅಂಗಳವನ್ನು ದಿನಾ ನಾನೇ ಗುಡಿಸುತ್ತೇನೆ. ಅಧ್ಯಕ್ಷ ಎಂದರೆ ಪೊರಕೆ ಇಟ್ಟಿರುವ ಜಾಗ ಗೊತ್ತಿರುವವನು ಎಂದು ಅಂಕಮ್ಮ ಆಡಿಕೊಳ್ಳುತ್ತಾಳೆ.

ಅವಳು ನಿನ್ನ ಮಾತನ್ನು ಅಕ್ಷರಶಃ ಪಾಲಿಸುತ್ತಿದ್ದಾಳೆ. ಮಗ ಕೆಂಪರಾಜುವಿಗೆ ಹೆಣ್ಣು ಮಗುವಾಗಿ ಏಳು ವಾರ. ಸೊಸೆ ಶಾಲಿನಿಗೆ ಹಾಲು ಸಾಲದು, ಪುಡಿ ಹಾಲೇ ಗತಿ. ಅದಕ್ಕೆಂದು ನಮ್ಮ ಬೋರ್‌ವೆಲ್ ನೀರನ್ನೇ ಒಯ್ದು, ಸೌದೆ ಒಲೆಯ ಮೇಲೆ ಅರ್ಧಕ್ಕೆ ಇಳಿಯುವ ತನಕ ಕುದಿಸುತ್ತಾಳೆ. "ರಾಧಾಮಣಿ ಕುದ್ಸು ಅಂದವ್ಳೆ. ನಾನು ಒಸಿ ಜಾಸ್ತೀನೇ ಕುದುಸ್ತೀನಿ" ಎನ್ನುತ್ತಾಳೆ.

ಆ ಮಗುವಿಗೆ ಯಾಕೋ ಎರಡು ದಿನದಿಂದ ಹುಷಾರಿಲ್ಲ. ತುಟಿ, ಉಗುರುಗಳೆಲ್ಲ ನೇರಳೆ ಹಣ್ಣು ತಿಂದ ಹಾಗೆ. ಅಳುವುದೂ ಕಡಿಮೆ. ಡಾಕ್ಟರು ಶೀತ ಎಂದು ಡ್ರಾಪ್ಸ್ ಕೊಟ್ಟಿದ್ದಾರೆ. ಪ್ರಾರ್ಥನೆಯನ್ನೂ ಮಾಡುತ್ತಿದ್ದೇವೆ. ನೀನೂ ಮಾಡು.

ಬಾಟಲಿಯ ವಿಚಾರಕ್ಕೆ ನೀನು ಉತ್ತರ ಬರೆದಿಲ್ಲ. ಮರೆತಿರಬೇಕು. ಅವಸರವೇನಿಲ್ಲ.

ಇತಿ,
ಕರಿಯಪ್ಪ

*

ಕನಕಪುರ ಬಸ್ ನಿಲ್ದಾಣ
30 ಅಕ್ಟೋಬರ್ 2024, ಮಧ್ಯಾಹ್ನ

ಮೇಷ್ಟ್ರೇ,

ಬೋರ್‌ವೆಲ್ ಈಗಲೇ ನಿಲ್ಲಿಸಿ. ಮೋಟರಿನ ಫ್ಯೂಸ್ ಕಿತ್ತು ನಿಮ್ಮ ಜೇಬಿನಲ್ಲಿಟ್ಟುಕೊಳ್ಳಿ. ಒಂದು ವರ್ಷದೊಳಗಿನ ಮಕ್ಕಳು, ಬಸುರಿಯರು ಇರುವ ಮನೆಗಳಿಗೆ ನೀವೇ ಹೋಗಿ, ಹಿಡಿದಿಟ್ಟ ನೀರನ್ನು ಚೆಲ್ಲಿಸಿ. ಕುದಿಸಿಟ್ಟ ನೀರನ್ನು ಮೊದಲು ಚೆಲ್ಲಿಸಿ.

ನಿಮ್ಮ ಕಾಗದ ಬಂದು ಒಂದು ಗಂಟೆಯಾಯಿತು. ಕೆಂಪರಾಜುವಿಗೆ ನಾಲ್ಕನೇ ಸಲಕ್ಕೆ ಫೋನ್ ಸಿಕ್ಕಿತು. "ಡಾಕ್ಟ್ರು ಶೀತ ಅಂದವ್ರಲ್ಲ ಅಕ್ಕ, ನಾಳಿಕ್ಕೆ ಹಬ್ಬ, ಕಳ್ಕಂಡು ಹೋದ್ರಾಗಲ್ವಾ?" ಎಂದ. ನಾನು ಕೂಗಾಡಿದೆ. ಜನ ತಿರುಗಿ ನೋಡಿದರು. ಈಗ ಪಕ್ಕದ ಮನೆಯವರ ಕಾರಿನಲ್ಲಿ ಮಗುವನ್ನು ಬೆಂಗಳೂರಿನ ಮಕ್ಕಳ ಆಸ್ಪತ್ರೆಗೆ ಹೊರಡಿಸಿದ್ದಾನೆ. ನಾನೂ ಕನಕಪುರ ರಸ್ತೆಯ ಬಸ್ಸಿನಲ್ಲಿ ಅದೇ ಆಸ್ಪತ್ರೆಗೆ ಹೋಗುತ್ತಿದ್ದೇನೆ. ನಿಮಗೆ ಫೋನ್ ಕೇಳಿಸುವುದಿಲ್ಲ, ಬೀದಿಯ ಬೇರೆ ಯಾರ ಫೋನೂ ಸಿಗಲಿಲ್ಲ. ಈ ಕಾಗದವನ್ನು ರಾಮನಗರ ಬಸ್ಸಿನ ಡ್ರೈವರ್ ಕೈಲಿ ಪೀರ್ ಸಾಬರಿಗೆ ಕಳಿಸುತ್ತೇನೆ. ಅವರು ಮಾಗಡಿ ಬಸ್ಸಿಗೆ ಕೊಡುತ್ತಾರೆ.

ಕುದಿಸಿದರೆ ಕ್ರಿಮಿಗಳು ಸಾಯುತ್ತವೆ. ನೈಟ್ರೇಟ್ ಎಲ್ಲಿಗೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಹೆಚ್ಚುತ್ತದೆ. ಅರ್ಧಕ್ಕಿಳಿಸಿದ ನೀರಿನಲ್ಲಿ ಎರಡರಷ್ಟು. ದೊಡ್ಡವರು ಹೇಗೋ ತಾಳಿಕೊಳ್ಳುತ್ತಾರೆ. ಎಳೆಗೂಸಿನ ರಕ್ತ ಉಸಿರನ್ನು ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಆಗಲೇ ತುಟಿ ನೀಲಿಯಾಗುವುದು. ಇದು ನನಗೆ ಗೊತ್ತಿಲ್ಲದ್ದಲ್ಲ, ಮೇಷ್ಟ್ರೇ. ಗೊತ್ತಿದ್ದೂ ಕುದಿಸಿ ಎಂದು ಬರೆದೆ. ಅಂಕಮ್ಮನವರ ಪ್ರಶ್ನೆ ಮುಗಿದರೆ ಸಾಕಾಗಿತ್ತು ನನಗೆ.

ಬಸ್ಸು ಹೊರಡುತ್ತಿದೆ. ಫ್ಯೂಸ್ ಮರೆಯಬೇಡಿ.

ರಾಧಾಮಣಿ

*

ಪಾಳ್ಯ
4 ನವೆಂಬರ್ 2024

ರಾಧಾಮಣಿಗೆ,

ಅಲ್ಲಾಹು ಅಭಾ. ನಿನ್ನ ಚೀಟಿ ಅವತ್ತೇ ಸಂಜೆ ಆರಕ್ಕೆ ಕೈಸೇರಿತು. ಫ್ಯೂಸ್ ನನ್ನ ಬಳಿಯೇ ಇದೆ. ಎಳೆ ಮಕ್ಕಳಿರುವ ಮನೆ ಐದು, ಬಸುರಿಯರು ಇಬ್ಬರು. ಎಲ್ಲ ಕಡೆ ನಾನೇ ನಿಂತು ನೀರು ಚೆಲ್ಲಿಸಿದೆ. ಬೇರೆ ಮಕ್ಕಳು ಚೆನ್ನಾಗಿವೆ. ಅವಕ್ಕೆ ತಾಯಿಯ ಹಾಲಿದೆ. ಬೋರ್‌ವೆಲ್ ನೀರನ್ನು ಆರೋಗ್ಯ ಇಲಾಖೆಯವರು ಐಸಿನಲ್ಲಿಟ್ಟು ಒಯ್ದರು. ನೈಟ್ರೇಟ್ ನೂರ ಅರವತ್ತೆಂಟು ಬಂದಿದೆ.

ಅಂಕಮ್ಮನ ಮೊಮ್ಮಗಳ ವಿಷಯ ಯಾರೂ ನನಗೆ ಬಿಡಿಸಿ ಹೇಳುತ್ತಿಲ್ಲ. ಕೆಂಪರಾಜು ಫೋನ್ ಮಾಡಿದನಂತೆ. ಏನಂದ ಎಂದು ಕೇಳಿದರೆ ಕೈ ಅಲ್ಲಾಡಿಸಿ ಮುಖ ತಿರುಗಿಸುತ್ತಾರೆ. ಒಳ್ಳೆಯ ಸುದ್ದಿಯಾಗಿದ್ದರೆ ಹಾಗೆ ಮಾಡುತ್ತಿದ್ದರೇ? ಇದ್ದದ್ದು ಇದ್ದ ಹಾಗೆ ಬರೆ.

ಬೋರಲಿಂಗಯ್ಯ ಬೀದಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ. ಕೇಳಲಿ ಎಂದು ಮುಖಕ್ಕೆ ಮುಖ ಕೊಟ್ಟೇ ಹೇಳಿದ: "ದೇವ್ರೂ ಸೈನ್ಸೂ ಎಲ್ಡೂ ಒಂದೇ ಅಂತಿದ್ರಲ್ಲ ಮೇಷ್ಟ್ರೇ. ಎಲ್ಡೂ ಸೇರ್ಕಂಡೇ ಕೈ ಬುಟ್ವಲ್ಲ!" ಅವನ ತಮ್ಮನ ಸೊಸೆಯೂ ಬಸುರಿ. ಅವನ ಕೋಪ ಸುಳ್ಳಲ್ಲ. ಅವೆರಡೂ ಕೈ ಬಿಡಲಿಲ್ಲ, ಹಿಡಿಯಬೇಕಾದವನು ನಾನು ಸರಿಯಾಗಿ ಹಿಡಿಯಲಿಲ್ಲ ಎಂದೆ. ಉಗಿದು ಹೋದ. ನೆಲಕ್ಕೇ ಉಗಿದ, ನನ್ನ ಮೇಲಲ್ಲ.

ನಿನ್ನೆಯ ಕೂಟದಲ್ಲಿ ಎದ್ದು ನಿಂತು ಹೇಳಿದೆ. ಬಾಟಲಿ ತಡವಾಗಿ ತಲುಪುವಂತೆ ಕಳಿಸಿದವನು ನಾನು, ತಪ್ಪು ನನ್ನದು, ರಾಧಾಮಣಿ ತನಗೆ ಸಿಕ್ಕ ನೀರನ್ನು ಪರೀಕ್ಷೆ ಮಾಡಿದ್ದಾಳೆ, ಅಷ್ಟೇ. ನಿನ್ನ ಹೆಸರನ್ನು ಇದರಲ್ಲಿ ಯಾರೂ ಎತ್ತುವುದಿಲ್ಲ. ನೀನು ಧೈರ್ಯವಾಗಿರು.

ಇತಿ,
ಕರಿಯಪ್ಪ

*

ಕನಕಪುರ
9 ನವೆಂಬರ್ 2024

ಮೇಷ್ಟ್ರೇ,

ಮಗು ಉಳಿಯಿತು. ಮೊದಲು ಇದನ್ನು ಓದಿಕೊಳ್ಳಿ. ನಿನ್ನೆ ವಾರ್ಡಿಗೆ ತಂದರು. ಇನ್ನೊಂದು ವಾರ ಅಲ್ಲೇ ಇರಬೇಕು. ನಿಮ್ಮ ಕಾಗದ ನನಗೆ ತಲುಪಲು ಹಿಡಿದ ಆ ನಾಲ್ಕು ದಿನದಿಂದ ಮುಂದೆ ಏನಾದರೂ ತೊಂದರೆ ಉಳಿಯುತ್ತದೆಯೇ ಎಂದು ಕೇಳಿದರೆ ಡಾಕ್ಟರು, ನೋಡೋಣ ಎನ್ನುತ್ತಾರೆ.

ಅವತ್ತು ನಾನು ಹೋಗುವ ಹೊತ್ತಿಗೆ ಮಗುವಿನ ರಕ್ತ ತೆಗೆಯುತ್ತಿದ್ದರು. ಕೆಂಪಗಿರಲಿಲ್ಲ. ಕಾಫಿ ಡಿಕಾಕ್ಷನ್ನಿನ ಹಾಗಿತ್ತು. ಯಾವ ನೀರು ಕೊಡುತ್ತಿದ್ದಿರಿ ಎಂದು ಡಾಕ್ಟರು ಕೇಳಿದರು. ಅಂಕಮ್ಮ ಸೆರಗಿನಲ್ಲಿ ಕೈ ಸುತ್ತಿಕೊಂಡು ಹೇಳಿದರು: "ಒಳ್ಳೆ ನೀರೇ ಸ್ವಾಮಿ. ಅರ್ಧಕ್ಕೆ ಇಳ್ಸಿ ಕೊಡ್ತಿದ್ದೆ. ನಮ್ಮ ರಾಧಾಮಣಿ ಪಾಸ್ ಮಾಡವ್ಳೆ. ಇವ್ಳೇ ನೋಡಿ." ನನ್ನ ಕಡೆ ಕೈ ತೋರಿಸಿದರು. ಅಭಿಮಾನದಿಂದ ತೋರಿಸಿದರು, ಮೇಷ್ಟ್ರೇ. ನಾನು ಬಾಯಿ ತೆರೆಯಲಿಲ್ಲ. ಹತ್ತು ದಿನ ಹೋಗಿ ಬಂದು ಮಾಡಿದೆ. ಅವರಿಗೆ ಇಡ್ಲಿ ಒಯ್ದೆ, ಶಾಲಿನಿಯ ತಲೆ ಬಾಚಿದೆ. ಆದರೂ ಬಾಯಿ ತೆರೆಯಲಿಲ್ಲ. ಎದುರಿಗಿದ್ದಾಗ ಹೇಳಲಾರದ್ದನ್ನು ಬರೆಯುತ್ತಿದ್ದೇನೆ.

ನೀವು ಎರಡು ಸಲ ಕೇಳಿದಿರಿ. ನಾನು ಮರೆತಿರಲಿಲ್ಲ. ಬಾಟಲಿ ಕೈಗೆ ಬಂದಾಗ ಅದರ ಮೇಲೆ ನಿಮ್ಮ ಅಕ್ಷರದಲ್ಲಿ ಒಂಬತ್ತನೇ ತಾರೀಕು ಎಂದಿತ್ತು. ಅವತ್ತು ಹದಿನಾಲ್ಕು. ಬಾಟಲಿ ಬಿಸಿಲಿಗೆ ಬೆಚ್ಚಗಾಗಿತ್ತು. ಐಸಿಲ್ಲದೆ ಐದು ದಿನ ಕೂತ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಬೆಳೆದು ನೈಟ್ರೇಟನ್ನು ತಿಂದುಹಾಕಬಹುದು. ಅಂಥ ಬಾಟಲಿಯನ್ನು ವಾಪಸ್ ಕಳಿಸಬೇಕು. ಇನ್ನೊಬ್ಬರದಾಗಿದ್ದರೆ ಕಳಿಸಿಯೇ ಇರುತ್ತಿದ್ದೆ. ಆದರೆ ಮರುದಿನ ಕೂಟವಿತ್ತು. ನಿಮ್ಮೆಲ್ಲರ ಎದುರು ನಿಂತು ಓದುವ ಆಸೆ ಇತ್ತು. ವರದಿಯಲ್ಲಿ ನೀರು ತುಂಬಿದ ತಾರೀಕಿನ ಜಾಗವನ್ನು ಖಾಲಿ ಬಿಟ್ಟೆ. ಕ್ರಿಮಿ ಇಲ್ಲವೆಂದು ಬರೆದದ್ದೂ ಅದೇ ಬಾಟಲಿಯನ್ನು ನಂಬಿ.

ಬಾಟಲಿ ತಡವಾದದ್ದು ನಿಮ್ಮಿಂದಲೇ ಇರಬಹುದು. ತಡವಾಗಿದೆ ಎಂದು ತಿಳಿದೂ ಸುಮ್ಮನಾದವಳು ನಾನು. ನೀವು ಕೂಟದಲ್ಲಿ ತಲೆ ತಗ್ಗಿಸಿ ನನ್ನ ತಪ್ಪನ್ನು ನಿಮ್ಮ ಹೆಗಲಿಗೆ ಹಾಕಿಕೊಂಡಿರಿ. ನಿಮ್ಮ ವಿನಯ ನನ್ನ ಸುಳ್ಳಿಗೆ ಹೊದಿಕೆಯಾಯಿತು. ದಯವಿಟ್ಟು ಅದನ್ನು ತೆಗೆಯಿರಿ. ಇಪ್ಪತ್ತೆರಡರ ಕೂಟದಲ್ಲಿ ಈ ಕಾಗದವನ್ನು ಎಲ್ಲರಿಗೂ ಓದಿ ಹೇಳಿ.

ರಾಧಾಮಣಿ

*

ಪಾಳ್ಯ
14 ನವೆಂಬರ್ 2024

ರಾಧಾಮಣಿ,

ಮಗು ಉಳಿಯಿತು ಎಂಬ ಮೊದಲ ಸಾಲನ್ನು ಓದಿ, ಕಾಗದ ಮಡಿಚಿ, ಅಂಗಳದಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಉಳಿದದ್ದನ್ನು ಆಮೇಲೆ ಓದಿದೆ. ಓದಿ ನಿನ್ನ ಮೇಲೆ ಕೋಪ ಬಂತು. ಎಪ್ಪತ್ತನಾಲ್ಕು ವರ್ಷಕ್ಕೆ ಇಷ್ಟು ಕೋಪ ಬರಬಹುದೆಂದು ತಿಳಿದಿರಲಿಲ್ಲ. ಉತ್ತರವನ್ನು ಒಂದು ದಿನ ತಡೆದೆ. ಆ ದಿನ ಪ್ರಾರ್ಥನೆಗೆ ಕೂತರೂ ಮನಸ್ಸು ನಿಲ್ಲಲಿಲ್ಲ.

ನಾನೂ ಒಂದು ಬಚ್ಚಿಟ್ಟಿದ್ದೇನೆ. ಅಂಕಮ್ಮ ತಿಪ್ಪೆಯ ಮಾತೆತ್ತಿದಾಗ ಎಲ್ಲರೂ ನಕ್ಕರೆಂದು ಬರೆದೆನಲ್ಲ, ನಾನು ನಕ್ಕಿರಲಿಲ್ಲ. ಹಿಂದಿನ ವಾರ ಮಳೆಯಲ್ಲಿ ಆ ಕಂದು ನೀರು ಬೋರ್‌ವೆಲ್ ಬುಡಕ್ಕೇ ಇಳಿಯುತ್ತಿದ್ದದ್ದನ್ನು ಗುಡಿಸುತ್ತಾ ಕಣ್ಣಾರೆ ಕಂಡಿದ್ದೆ. ಹೇಳಲಿಲ್ಲ. ಅಧ್ಯಕ್ಷನಾದವನು ಎಲ್ಲರ ಮಾತು ಕೇಳಿ ಕೊನೆಗೆ ಆಡಬೇಕು ಎಂದುಕೊಂಡೆ. ಕೊನೆ ಬಂದಾಗ, ನಾಲ್ಕಕ್ಷರ ಕಲಿತ ಹಳ್ಳಿ ಮೇಷ್ಟ್ರು ಎಂ.ಎಸ್ಸಿ ಓದಿದವಳ ಕಾಗದಕ್ಕೆ ಎದುರಾಡುವುದೇ ಎಂದುಕೊಂಡೆ. ಅದನ್ನು ನೀನು ಒಪ್ಪಿಗೆ ಎಂದು ತಿಳಿದೆ. ನಾನು ವಿನಯ ಎಂದು ತಿಳಿದೆ. ಅದು ಅಳುಕು. ಕಂಡದ್ದನ್ನು ಹೇಳಿ, ಇನ್ನೊಮ್ಮೆ ಪರೀಕ್ಷೆ ಮಾಡು ಎಂದಿದ್ದರೆ ಅದು ವಿಜ್ಞಾನಕ್ಕೂ ಮರ್ಯಾದೆ, ಧರ್ಮಕ್ಕೂ ಮರ್ಯಾದೆ. ನಾನು ಎರಡಕ್ಕೂ ಕೈ ಮುಗಿದು ದೂರ ನಿಂತೆ. ಕೂಟದಲ್ಲಿ ಎಲ್ಲ ತಪ್ಪೂ ನನ್ನದೇ ಎಂದೆನಲ್ಲ, ಆಗಲೂ ಇದನ್ನು ಹೇಳಲಿಲ್ಲ. ಬಾಟಲಿ ತಡವಾಯಿತು ಎನ್ನುವುದು ಸುಲಭವಾಗಿತ್ತು.

ನಿನ್ನ ಕಾಗದವನ್ನು ನಾನು ಓದುವುದಿಲ್ಲ. ನಿನ್ನನ್ನು ಉಳಿಸುವುದಕ್ಕಲ್ಲ. ಅದನ್ನು ಆಡಬೇಕಾದ ಬಾಯಿ ನಿನ್ನದು. ನನ್ನದನ್ನು ನಾನು ಹೇಳುತ್ತೇನೆ. ಬಾ.

ಶಾಲಿನಿ, ಮಗು ಹದಿನೆಂಟಕ್ಕೆ ಮನೆಗೆ ಬರುತ್ತಾರಂತೆ. ಅವರು ಏನೆನ್ನುತ್ತಾರೋ ನನಗೆ ಗೊತ್ತಿಲ್ಲ. ಸಮಾಧಾನದ ಮಾತು ಬರೆದು ನಿನ್ನನ್ನು ಕರೆಸಿಕೊಳ್ಳಲಾರೆ.

ಕರಿಯಪ್ಪ

*

ಕನಕಪುರ, ಪ್ರಯೋಗಾಲಯ
23 ನವೆಂಬರ್ 2024

ಮೇಷ್ಟ್ರೇ,

ನಿನ್ನೆ ನಾನು ತಲೆ ಎತ್ತದೆ ಮಾತನಾಡಿದೆ. ನಿಮಗೆ ನನ್ನ ತುಟಿ ಕಂಡಿರಲಾರದು. ನಿಮ್ಮ ಬೆನ್ನ ಹಿಂದೆ ನಡೆದದ್ದಂತೂ ತಿಳಿದಿರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮಗೆ ಬರೆದದ್ದನ್ನೆಲ್ಲ ಹೇಳಿದೆ. ತಾರೀಕಿನ ಜಾಗವನ್ನು ಖಾಲಿ ಬಿಟ್ಟದ್ದನ್ನೂ ಹೇಳಿದೆ. ಇವತ್ತು ಬೆಳಿಗ್ಗೆ ನಮ್ಮ ಮ್ಯಾನೇಜರಿಗೂ ಬರೆದುಕೊಟ್ಟಿದ್ದೇನೆ. ಕೆಲಸ ಉಳಿಯುತ್ತದೋ ಇಲ್ಲವೋ ಸೋಮವಾರ ಗೊತ್ತಾಗುತ್ತದೆ. ನಾನು ಮುಗಿಸುವ ಮೊದಲೇ ಶಾಲಿನಿ ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು. ಹಿಂದೆಯೇ ಹೋದೆ. "ಬರ್ಬ್ಯಾಡಿ ಅಕ್ಕ. ಇವತ್ತು ಬರ್ಬ್ಯಾಡಿ" ಎಂದಳು. ನಿಂತುಬಿಟ್ಟೆ. ಮಗುವಿನ ತುಟಿಯನ್ನು ಅಷ್ಟು ದೂರದಿಂದಲೇ ನೋಡಿದೆ. ಕೆಂಪಗಿತ್ತು.

ಒಳಗೆ ಅಂಕಮ್ಮ ಪಕ್ಕದವರಿಗೆ ಹೇಳುವ ಹಾಗೆ ಮೆಲ್ಲಗೆ ಅಂದರು: "ಸಭೆ ತೀರ್ಮಾನ ಅಂತ ಮೊದಲ್ನೇ ಕೊಡ ನಾನೇ ಇಟ್ಟೆ. ಬ್ಯಾಡ ಅಂತಿದ್ದ ಕೂಸಿಗೂ ಅದನ್ನೇ ಕುಡಿಸ್ದೆ. ಜತೇಲಿ ನಡೀಬೇಕು, ಸರಿ. ಕಣ್ಣು ಮುಚ್ಕಂಡು ನಡೀರಿ ಅಂತ ಯಾರು ಯೋಳಿದ್ರು ನಂಗೆ?" ಇದು ನಿಮಗೆ ಕೇಳಿಸಲಿಲ್ಲ. ಆ ಹೊತ್ತಿಗೆ ನೀವು ಎದ್ದು ತಿಪ್ಪೆಯ ನೀರನ್ನು ಕಂಡದ್ದು ಹೇಳಲು ಶುರು ಮಾಡಿದ್ದಿರಿ.

ಬೀದಿಗೆ ನೀರು ಕೊಡಲು ಬೋರಲಿಂಗಯ್ಯನವರ ತೋಟದ ಬೋರ್‌ವೆಲ್ಲನ್ನು ಪರೀಕ್ಷೆ ಮಾಡಿಸುವುದೆಂದು ಆಮೇಲೆ ನಿಶ್ಚಯವಾಯಿತಲ್ಲ. ಸರ್ಕಾರಿ ಪ್ರಯೋಗಾಲಯಕ್ಕೂ ಒಂದು ಬಾಟಲಿ ಹೋಗಿದೆ. ಇನ್ನೊಂದನ್ನು ನನ್ನ ಕೈಗೆ ಕೊಡಬೇಕೆಂದು ಹಟ ಹಿಡಿದವರು ಅಂಕಮ್ಮನೇ. "ಇವ್ಳೇ ಮಾಡ್ಲಿ. ನಾನು ಪಕ್ಕದಲ್ಲಿ ಕುಂತಿರ್ತೀನಿ." ಬೆಳಿಗ್ಗೆ ಐದೂವರೆಗೆ ಅವರೇ ನೀರು ತುಂಬಿ, ತಾರೀಕನ್ನೂ ಗಂಟೆಯನ್ನೂ ಬರೆಸಿ, ಐಸಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮೂರು ಬಸ್ಸು ಹತ್ತಿಳಿದು ಬಂದಿದ್ದಾರೆ. ದಾರಿಯುದ್ದಕ್ಕೂ ನನ್ನಿಂದ ದೂರದ ಸೀಟಿನಲ್ಲೇ ಕೂತರು. ರಾಮನಗರದಲ್ಲಿ ಪೀರ್ ಸಾಬರು ಡಬ್ಬಿ ನಾನಿಟ್ಟುಕೊಂಡಿರ್ತೀನಿ, ಹೋಗಿ ಕಾಫಿ ಕುಡೀರಿ ಎಂದರು. "ಬ್ಯಾಡ ಸಾಬ್ರೇ" ಎಂದು ಡಬ್ಬಿಯನ್ನು ಇನ್ನಷ್ಟು ಒತ್ತಿ ಹಿಡಿದರು. ಅವರ ಸೀರೆಯೆಲ್ಲ ಒದ್ದೆಯಾಗಿತ್ತು.

ನೀರಿಗೆ ಪುಡಿ ಹಾಕಿ ಹತ್ತು ನಿಮಿಷ ಬಿಟ್ಟರೆ ಗುಲಾಬಿ ಬಣ್ಣ ಏರುತ್ತದೆ. ಬಣ್ಣ ಗಾಢವಾದಷ್ಟೂ ನೈಟ್ರೇಟ್ ಹೆಚ್ಚು. ಅಂಕಮ್ಮ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ನೋಡಿದರು. ಇದೇನು, ಅದೇನು, ಆ ಪುಡಿ ಇದಕ್ಕಿಂತ ಮುಂಚೆ ಯಾವುದಕ್ಕೆ ಹಾಕಿದ್ದು, ಲೋಟ ತೊಳೆದಿದೆಯೇ ಎಂದು ಒಂದೊಂದನ್ನೂ ಕೇಳಿದರು. ಒಂದಕ್ಕೂ ಉತ್ತರ ತಪ್ಪಿಸಲಿಲ್ಲ ನಾನು. ತೆಳು ಗುಲಾಬಿ ಬಂತು. ಯಂತ್ರ ಹನ್ನೆರಡು ತೋರಿಸಿತು. ಆ ಅಂಕಿಯನ್ನು ಅವರಿಗೆ ತೋರಿಸಿ, ಇದು ಕುಡಿಯಬಹುದಾದ ನೀರು ಎಂದೆ.

ಅವರು ಅಂಕಿಯನ್ನು ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

"ಇನ್ನೊಂದ್ಸಲ ಮಾಡು" ಅಂದರು.

ಲೋಟ ತೊಳೆದು ಎರಡನೆಯ ಸಲಕ್ಕೆ ಇಟ್ಟಿದ್ದೇನೆ. ಬಣ್ಣ ಏರಲು ಇನ್ನೂ ನಾಲ್ಕು ನಿಮಿಷವಿದೆ. ನಾನು ಬರೆಯುತ್ತಿದ್ದೇನೆ. ಅಂಕಮ್ಮ ಲೋಟದಿಂದ ಕಣ್ಣು ತೆಗೆದಿಲ್ಲ.

ರಾಧಾಮಣಿ